ಪಕ್ಕದ ಉಪನಗರಕ್ಕೆ ಹೆದ್ದಾರಿಯಲ್ಲಿ ಹೋಗಿಬರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದೂರದ ಪ್ರವಾಸಕ್ಕೆ ಹೊರಡುವವರು ವಾರದ ಮೊದಲೇ ಸಿದ್ಧತೆ ಶುರುಮಾಡುತ್ತಾರೆ. ನಲವತ್ತು ಐವತ್ತು ಕಿಲೋಮೀಟರ್ ದೂರದ ಊರಿಗಾದರೆ ಕೀಲಿಕೈ ಹಿಡಿದು ಎದ್ದು ಹೊರಡುತ್ತಾರೆ. ತಡವಾಗುವುದು, ಗಾಬರಿಯಾಗುವುದು, ಟೈರು ಕೈಕೊಡುವುದು ಇಂಥ ಸಣ್ಣ ಪಯಣಗಳಲ್ಲಿಯೇ ಹೆಚ್ಚು ಎಂಬುದು ನಾನು ವರ್ಷಗಳಿಂದ ಕಂಡುಕೊಂಡದ್ದು. ಪರಿಚಿತರು ಮಾತಿನ ನಡುವೆ ಕೇಳಿದ, ಪತ್ರಗಳಲ್ಲಿ ಬರೆದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ಲೆಕ್ಕಾಚಾರ

ಐವತ್ತು ಕಿಲೋಮೀಟರ್ ಹೋಗುವುದಕ್ಕೂ ಯೋಜನೆ ಬೇಕೇ?

ಬೇಕು, ಆದರೆ ಹತ್ತು ನಿಮಿಷದ ಯೋಜನೆ ಸಾಕು. ಐದು ಗಂಟೆಯ ಪಯಣದಲ್ಲಿ ಇಪ್ಪತ್ತು ನಿಮಿಷ ತಡವಾದರೆ ದಾರಿಯಲ್ಲಿ ಎಲ್ಲೋ ಸರಿದೂಗಿಸಿಕೊಳ್ಳಬಹುದು, ಕಾಯುತ್ತಿರುವವರೂ ಬೇಸರಪಡುವುದಿಲ್ಲ. ಮುಕ್ಕಾಲು ಗಂಟೆಯ ಪಯಣದಲ್ಲಿ ಅದೇ ಇಪ್ಪತ್ತು ನಿಮಿಷ ದೊಡ್ಡ ಪಾಲು. ಸಣ್ಣ ದೂರಕ್ಕೆ ನಾವು ಹೋಗುವುದು ಸಾಮಾನ್ಯವಾಗಿ ಸಮಯ ಗೊತ್ತುಮಾಡಿದ ಕೆಲಸಕ್ಕೆ: ವೈದ್ಯರ ಭೇಟಿ, ಸಂದರ್ಶನ, ಪರೀಕ್ಷೆ, ಮದುವೆ. ತಡವಾದರೆ ನಷ್ಟ, ತಡವಾಗುತ್ತದೆಂಬ ಆತುರದಲ್ಲಿ ಓಡಿಸಿದರೆ ಅದಕ್ಕಿಂತ ದೊಡ್ಡ ನಷ್ಟ.

ಮೊಬೈಲ್ ನಕ್ಷೆ ನಲವತ್ತೈದು ನಿಮಿಷ ಎನ್ನುತ್ತದೆ, ನನಗೆ ಮಾತ್ರ ಯಾವಾಗಲೂ ಒಂದು ಗಂಟೆ ದಾಟುತ್ತದೆ. ಏಕೆ ಹೀಗೆ?

ನನ್ನನ್ನು ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ ಇದು. ಉಳಿದ ಅರ್ಧದಷ್ಟು ಉತ್ತರಗಳು ಇದರೊಳಗೇ ಇವೆ, ಆದ್ದರಿಂದ ಒಂದು ಲೆಕ್ಕವನ್ನು ಪೂರ್ತಿಯಾಗಿ ಹಾಕಿ ತೋರಿಸುತ್ತೇನೆ.

ಒಂದು ಪಯಣವನ್ನು ಕಲ್ಪಿಸಿಕೊಳ್ಳಿ. ಮನೆಯಿಂದ ಹೆದ್ದಾರಿಗೆ 6 ಕಿ.ಮೀ., ಹೆದ್ದಾರಿಯಲ್ಲಿ 45 ಕಿ.ಮೀ., ಹೆದ್ದಾರಿ ಇಳಿದ ಮೇಲೆ ಆ ಊರೊಳಗೆ ಮತ್ತೆ 6 ಕಿ.ಮೀ. ಹೆದ್ದಾರಿಯಲ್ಲಿ ಗಂಟೆಗೆ 90 ಕಿ.ಮೀ. ವೇಗದಲ್ಲಿ ಹೋದರೆ 30 ನಿಮಿಷ. ಊರೊಳಗಿನ ಸಿಗ್ನಲ್, ತಿರುವು, ಶಾಲೆಯ ಮುಂದಿನ ದಟ್ಟಣೆಗಳ ನಡುವೆ ಗಂಟೆಗೆ 20 ಕಿ.ಮೀ. ಸರಾಸರಿ ಸಿಕ್ಕರೆ ಒಂದೊಂದು ತುದಿಗೂ 18 ನಿಮಿಷ. ನಿಲ್ಲಿಸಲು ಜಾಗ ಹುಡುಕಿ, ಬೀಗ ಹಾಕಿ, ಬಾಗಿಲವರೆಗೆ ನಡೆಯಲು 10 ನಿಮಿಷ. ಒಟ್ಟು 76 ನಿಮಿಷ. ಇದರಲ್ಲಿ ಹೆದ್ದಾರಿಯ ಪಾಲು ಬರೀ 30. ಉಳಿದ 46 ನಿಮಿಷ ಖರ್ಚಾಗುವುದು ಎರಡು ತುದಿಗಳಲ್ಲಿ, ಕೇವಲ 12 ಕಿ.ಮೀ. ದೂರದಲ್ಲಿ.

ನಕ್ಷೆ ನಿಮ್ಮನ್ನು ಗುರಿಯ ಮುಂದಿನ ರಸ್ತೆಗೆ ತಲುಪಿಸಿ ಲೆಕ್ಕ ಮುಗಿಸುತ್ತದೆ. ಮನೆಯ ಗೇಟು ತೆಗೆದು ಗಾಡಿಯನ್ನು ಹೊರಗೆ ತರುವುದು, ಪಾರ್ಕಿಂಗ್‌ನ ಮೂರನೆಯ ಅಂತಸ್ತಿಗೆ ಹತ್ತುವುದು, ಅಲ್ಲಿಂದ ಲಿಫ್ಟ್‌ಗೆ ಕಾಯುವುದು ಅದರ ಲೆಕ್ಕದಲ್ಲಿಲ್ಲ. ಸಣ್ಣ ಪಯಣ ಗೆಲ್ಲುವುದೂ ಸೋಲುವುದೂ ತುದಿಗಳಲ್ಲಿ. ಯೋಜನೆಯ ಸಮಯವನ್ನೆಲ್ಲ ಅಲ್ಲಿಗೇ ಕೊಡಿ: ಯಾವ ರಸ್ತೆಯಿಂದ ಹೆದ್ದಾರಿ ಹತ್ತುವುದು, ಯಾವ ತಿರುವಿನಲ್ಲಿ ಇಳಿಯುವುದು, ಗಾಡಿ ಎಲ್ಲಿ ನಿಲ್ಲಿಸುವುದು. ಈ ಮೂರಕ್ಕೆ ಉತ್ತರ ಸಿಕ್ಕರೆ ನಡುವಿನ ಹೆದ್ದಾರಿ ತಾನಾಗಿ ಸಾಗುತ್ತದೆ.

ಎಷ್ಟು ಗಂಟೆಗೆ ಹೊರಟರೆ ಒಳ್ಳೆಯದು?

ಉಪನಗರದಿಂದ ಮಹಾನಗರಕ್ಕೆ ಹೋಗುವ ರಸ್ತೆಗೆ ಒಂದು ನಿಯಮವಿರುತ್ತದೆ: ಬೆಳಿಗ್ಗೆ ಒಳಮುಖ, ಸಂಜೆ ಹೊರಮುಖ. ಎರಡು ಉಪನಗರಗಳ ನಡುವಿನ ರಸ್ತೆಗೆ ಆ ಸ್ಪಷ್ಟತೆ ಇಲ್ಲ. ಈ ಊರಿನವರು ಆ ಊರಿಗೆ, ಆ ಊರಿನವರು ಈ ಊರಿಗೆ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ‘ನಾನು ಎದುರು ದಿಕ್ಕಿನಲ್ಲಿ ಹೋಗುತ್ತೇನೆ, ನನಗೆ ದಟ್ಟಣೆ ಸಿಗುವುದಿಲ್ಲ’ ಎಂಬ ಭರವಸೆ ಬೇಡ.

ಹೊರಡುವ ಗಳಿಗೆಗಿಂತ, ನೀವು ಎರಡನೆಯ ಊರಿನೊಳಗೆ ಕಾಲಿಡುವ ಗಳಿಗೆ ಯಾವುದು ಎಂದು ನೋಡಿ. ಮನೆ ಬಿಡುವಾಗ ರಸ್ತೆ ಖಾಲಿ ಇದ್ದು, ಅಲ್ಲಿ ಇಳಿಯುವ ಹೊತ್ತಿಗೆ ಶಾಲೆ ಬಿಟ್ಟರೆ ಉಳಿಸಿದ ಸಮಯವೆಲ್ಲ ಹೋಯಿತು. ನಕ್ಷೆಯಲ್ಲಿ ಹೊರಡುವ ಸಮಯವನ್ನು ಮುಂಚಿತವಾಗಿ ನಮೂದಿಸಿ ನೋಡುವ ಸೌಲಭ್ಯವಿದ್ದರೆ ಹಿಂದಿನ ರಾತ್ರಿಯೇ ಹದಿನೈದು ಹದಿನೈದು ನಿಮಿಷದ ಅಂತರದಲ್ಲಿ ನಾಲ್ಕು ಬಾರಿ ಹಾಕಿ ನೋಡಿ. ಒಂದು ಹಂತದಲ್ಲಿ ಸಮಯ ಇದ್ದಕ್ಕಿದ್ದಂತೆ ಜಿಗಿಯುತ್ತದೆ. ಆ ಹಂತಕ್ಕಿಂತ ಮೊದಲು ಹೊರಡಬೇಕು, ಅಷ್ಟೇ.

ನಗರದೊಳಗಿಂದ ಹೋದರೆ ಹತ್ತಿರ, ಸುತ್ತಿನ ಹೆದ್ದಾರಿ ಹಿಡಿದರೆ ದೂರ. ಯಾವುದು ಸರಿ?

ದೂರವನ್ನು ನೋಡಬೇಡಿ, ಎಷ್ಟು ಬಾರಿ ನಿಲ್ಲಬೇಕಾಗುತ್ತದೆ ಎಂಬುದನ್ನು ನೋಡಿ. ಒಳದಾರಿ 32 ಕಿ.ಮೀ. ಇದ್ದು ಗಂಟೆಗೆ 25 ಕಿ.ಮೀ. ಸರಾಸರಿ ಸಿಕ್ಕರೆ ಸುಮಾರು 77 ನಿಮಿಷ. ಹೊರದಾರಿ 55 ಕಿ.ಮೀ. ಇದ್ದು 75ರ ಸರಾಸರಿ ಸಿಕ್ಕರೆ 44 ನಿಮಿಷ. ಇಂಧನದ ಖರ್ಚಿನಲ್ಲಿಯೂ ಅಂಥ ವ್ಯತ್ಯಾಸ ಬರುವುದಿಲ್ಲ. ನಿಂತು ಹೊರಟು, ನಿಂತು ಹೊರಟು ಕುಡಿಯುವ ಇಂಧನವೇ ಹೆಚ್ಚು. ಆದರೆ ಸುತ್ತಿನ ಹೆದ್ದಾರಿಗೆ ಒಂದು ದೌರ್ಬಲ್ಯವಿದೆ. ಅಲ್ಲಿ ಒಂದು ಅಪಘಾತವಾದರೆ ಪಕ್ಕಕ್ಕೆ ತಿರುಗಿ ಹೋಗಲು ದಾರಿಯಿರುವುದಿಲ್ಲ. ಹೊರಡುವ ಐದು ನಿಮಿಷ ಮೊದಲು ಒಮ್ಮೆ ನಕ್ಷೆ ನೋಡಿದರೆ ಅದು ತಿಳಿಯುತ್ತದೆ. ಒಮ್ಮೆ ಮೇಲೆ ಹತ್ತಿದ ನಂತರ ತಿಳಿದು ಪ್ರಯೋಜನವಿಲ್ಲ.

## ಹೊರಡುವ ಮುನ್ನ

ಇಷ್ಟು ಹತ್ತಿರಕ್ಕೆ ಗಾಡಿಯಲ್ಲಿ ಏನೇನು ಪರೀಕ್ಷಿಸಬೇಕು?

ಟೈರು. ಒಂದೇ ಒಂದನ್ನು ಹೇಳಿ ಎಂದರೆ ನಾನು ಹೇಳುವುದು ಇದನ್ನೇ.

ಒಂದು ಮುಂಜಾನೆ ಹೊರಡುವಾಗ ನನ್ನ ಕಾರಿನ ಹಿಂದಿನ ಎಡ ಟೈರು ಸ್ವಲ್ಪ ಕುಗ್ಗಿದಂತೆ ಕಂಡಿತು. ನಲವತ್ತು ಕಿಲೋಮೀಟರ್ ತಾನೇ, ಅಲ್ಲಿಗೆ ಹೋಗಿ ಗಾಳಿ ಹಾಕಿಸಿದರಾಯಿತು ಎಂದುಕೊಂಡು ಹೊರಟುಬಿಟ್ಟೆ. ಹೆದ್ದಾರಿ ಹತ್ತಿ ಹನ್ನೆರಡನೆಯ ಕಿಲೋಮೀಟರ್‌ಗೆ ಸ್ಟಿಯರಿಂಗ್ ಎಡಕ್ಕೆ ಎಳೆಯತೊಡಗಿತು, ಹಿಂದಿನಿಂದ ದಪದಪ ಸದ್ದು. ಬದಿಗೆ ನಿಲ್ಲಿಸಿ ನೋಡಿದರೆ ಟೈರಿನ ಪಕ್ಕದ ಗೋಡೆ ರಿಮ್ಮಿನಡಿ ಸಿಕ್ಕಿ ಕತ್ತರಿಸಿಹೋಗಿತ್ತು. ರಬ್ಬರು ಕೈ ಇಡಲಾರದಷ್ಟು ಬಿಸಿಯಾಗಿತ್ತು. ಡಿಕ್ಕಿ ತೆರೆದು ಸ್ಟೆಪ್ನಿ ಹೊರಗೆಳೆದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಅದೂ ಒಳಕ್ಕೆ ಹೋಯಿತು. ಎರಡು ವರ್ಷದಿಂದ ಅದಕ್ಕೆ ಗಾಳಿ ಹಾಕಿಸಿರಲಿಲ್ಲ. ಟೈರಿನಲ್ಲಿದ್ದದ್ದು ಒಂದು ಸಣ್ಣ ಮೊಳೆ. ಹೊರಡುವ ಮೊದಲು ನಾಲ್ಕು ಹನಿ ಸೋಪಿನ ನೀರು ಸವರಿದ್ದರೆ ಗುಳ್ಳೆ ಎದ್ದು ತೋರಿಸಿಬಿಡುತ್ತಿತ್ತು. ಪಂಕ್ಚರ್ ಹಾಕಿಸಿ ಮುಗಿಸಬಹುದಾದ ಕೆಲಸಕ್ಕೆ ಹೊಸ ಟೈರು ಕೊಳ್ಳಬೇಕಾಯಿತು.

ಗಾಳಿ ಕಡಿಮೆಯಿರುವ ಟೈರು ಊರೊಳಗೆ ವಾರಗಟ್ಟಲೆ ಓಡುತ್ತದೆ. ಹೆದ್ದಾರಿಯಲ್ಲಿ ಅದರ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಿಚ್ಚಿ, ಶಾಖ ಹುಟ್ಟಿಸಿ, ಕೊನೆಗೆ ಒಡೆಯುತ್ತದೆ. ಆದ್ದರಿಂದ ನಾಲ್ಕು ಟೈರು ಮತ್ತು ಸ್ಟೆಪ್ನಿ, ಐದನ್ನೂ ನೋಡಿ. ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2322 ಎಂದಿದ್ದರೆ 2022ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹಳೆಯ ಟೈರು ನೋಡಲು ಚೆನ್ನಾಗಿದ್ದರೂ ಗೋಡೆಯಲ್ಲಿ ಸಣ್ಣ ಬಿರುಕುಗಳಿದ್ದರೆ ಹೆದ್ದಾರಿಗೆ ಬೇಡ. ಟೈರಿನ ಮೇಲ್ಮೈಯ ಗೆರೆಯ ಆಳಕ್ಕೆ ಅನೇಕ ದೇಶಗಳ ಕಾನೂನು 1.6 ಮಿ.ಮೀ. ಮಿತಿ ಇಟ್ಟಿದೆ, ಮಳೆಗಾಲದಲ್ಲಿ ಅಷ್ಟಕ್ಕೆ ಇಳಿಯುವವರೆಗೆ ಕಾಯಬೇಡಿ.

ಟೈರಿನ ನಂತರ ವೈಪರ್ ನೀರು, ಬ್ರೇಕ್ ದೀಪ, ಗಾಜಿನ ಒಳಬದಿಯ ಮಬ್ಬು. ಅಷ್ಟೇ.

ಗಾಳಿ ಎಷ್ಟು ಹಾಕಿಸಬೇಕು? ಟೈರಿನ ಮೇಲೆ ಬರೆದಷ್ಟೇ ತಾನೇ?

ಅಲ್ಲ. ಟೈರಿನ ಮೇಲಿರುವುದು ಆ ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಬೇಕಾದದ್ದು ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಅಥವಾ ಇಂಧನದ ಮುಚ್ಚಳದ ಒಳಬದಿಯಲ್ಲಿರುತ್ತದೆ. ಅಲ್ಲಿ ಇಬ್ಬರು ಕೂತಾಗ ಎಷ್ಟು, ಗಾಡಿ ತುಂಬಿದಾಗ ಎಷ್ಟು ಎಂದು ಎರಡು ಲೆಕ್ಕ ಇರುವುದುಂಟು. ಆ ಅಂಕಿ ತಣ್ಣಗಿರುವ ಟೈರಿಗೆ ಹೇಳಿದ್ದು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಏರಿರುತ್ತದೆ. ಅದನ್ನು ಕಂಡು ಗಾಳಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಟೈರು ಕುಗ್ಗಿರುತ್ತದೆ.

ಟ್ಯಾಂಕಿನಲ್ಲಿ ಕಾಲು ಭಾಗ ಇಂಧನವಿದೆ, ಸಾಕಲ್ಲವೇ?

ದೂರಕ್ಕೆ ಸಾಕು, ದಟ್ಟಣೆಗೆ ಸಾಲದು. ಎರಡು ಗಂಟೆ ನಿಂತಲ್ಲೇ ನಿಲ್ಲಬೇಕಾಗಿ ಬಂದರೆ, ಇಂಧನ ಮುಗಿದೀತೆಂಬ ಚಿಂತೆ ಬೇರೆಲ್ಲ ಚಿಂತೆಗಿಂತ ದೊಡ್ಡದಾಗುತ್ತದೆ. ಅರ್ಧಕ್ಕೆ ತುಂಬಿಸಿಕೊಂಡು ಹೊರಡಿ. ಬೇರೆಯವರ ಗಾಡಿ ತೆಗೆದುಕೊಂಡು ಹೋಗುತ್ತಿದ್ದರೆ, ಇಂಧನ ಸೂಚಕದ ಪಕ್ಕದ ಪುಟ್ಟ ಬಾಣದ ಗುರುತು ನೋಡಿ. ಮುಚ್ಚಳ ಯಾವ ಬದಿಗಿದೆ ಎಂದು ಅದು ತೋರಿಸುತ್ತದೆ.

ನನ್ನದು ವಿದ್ಯುತ್ ಕಾರು. ತೋರಿಸುವಷ್ಟು ದೂರ ನಿಜವಾಗಿ ಓಡುತ್ತದೆಯೇ?

ಊರೊಳಗಿನ ಓಟದ ಮೇಲೆ ಅದು ತೋರಿಸಿದ ಅಂಕಿ ಹೆದ್ದಾರಿಯಲ್ಲಿ ಸಿಗುವುದಿಲ್ಲ. ಪೆಟ್ರೋಲ್ ಗಾಡಿಗೆ ಊರು ಕಷ್ಟ, ಹೆದ್ದಾರಿ ಸುಲಭ. ವಿದ್ಯುತ್ ಗಾಡಿಗೆ ಇದು ತಿರುಗುಮುರುಗು. ಊರಲ್ಲಿ ಬ್ರೇಕ್ ಹಾಕಿದಾಗಲೆಲ್ಲ ಸ್ವಲ್ಪ ಶಕ್ತಿ ಬ್ಯಾಟರಿಗೆ ಮರಳುತ್ತದೆ. ಹೆದ್ದಾರಿಯಲ್ಲಿ ಮರಳುವುದು ಬಹುತೇಕ ಏನೂ ಇಲ್ಲ, ಜೊತೆಗೆ ಗಾಳಿಯ ಎದುರೊತ್ತು ವೇಗದ ವರ್ಗದಷ್ಟು ಏರುತ್ತದೆ. 90ರಿಂದ 110ಕ್ಕೆ ಏರಿಸಿದರೆ ಆ ಎದುರೊತ್ತು ಸುಮಾರು ಒಂದೂವರೆ ಪಟ್ಟು. ಹೋಗಿಬರುವ ಪೂರ್ತಿ ದೂರಕ್ಕೆ ಲೆಕ್ಕ ಹಾಕಿ, ಅಲ್ಲಿನ ಚಾರ್ಜಿಂಗ್ ಜಾಗ ಖಾಲಿ ಸಿಗುತ್ತದೆಂದು ನಂಬಿಕೊಳ್ಳದೆ ಹೊರಡಿ.

ಹಿಂದಿನ ಸೀಟಿನಲ್ಲಿ ಕೂತವರೂ ಬೆಲ್ಟ್ ಹಾಕಬೇಕೇ? ಹತ್ತಿರ ತಾನೇ?

ಹಾಕಲೇಬೇಕು. ಬೆಲ್ಟ್ ಇಲ್ಲದೆ ಹಿಂದೆ ಕೂತವರು ಡಿಕ್ಕಿಯ ಕ್ಷಣದಲ್ಲಿ ಗಾಡಿಯ ವೇಗದಲ್ಲೇ ಮುಂದಿನ ಸೀಟಿಗೆ ಬಡಿಯುತ್ತಾರೆ. ಮುಂದೆ ಕೂತವರು ಬೆಲ್ಟ್ ಹಾಕಿದ್ದರೂ ಹಿಂದಿನ ಆ ಭಾರ ಅವರನ್ನು ಜಜ್ಜುತ್ತದೆ. ಇಂದು ನಾವು ಹಾಕುವ ಮೂರು ಬಿಂದುಗಳ ಬೆಲ್ಟನ್ನು 1959ರಲ್ಲಿ ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದಾಗ, ಹೊಡೆತವನ್ನು ಎದೆಗೂಡು ಮತ್ತು ಸೊಂಟದ ಮೂಳೆಗಳು ಹೊರಲಿ ಎಂಬುದು ಅದರ ಹಿಂದಿದ್ದ ವಿಚಾರ. ಆದ್ದರಿಂದ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಗರ್ಭಿಣಿಯರಿಗೆ ಹೊಟ್ಟೆಯ ಕೆಳಗೆ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋಗುವವರಿಗೆ ನಾನು ಕೈಮುಗಿದು ಕೇಳುವುದು ಇಷ್ಟೇ: ಆ ಕ್ಷಣದಲ್ಲಿ ಮಗುವಿನ ತೂಕ ಹತ್ತಾರು ಪಟ್ಟು ಹೆಚ್ಚಿದಂತಾಗುತ್ತದೆ, ಯಾವ ತಾಯಿತಂದೆಯ ತೋಳಿಗೂ ಅದನ್ನು ಹಿಡಿದಿಟ್ಟುಕೊಳ್ಳುವ ಬಲವಿಲ್ಲ. ಮಗುವಿನ ಆಸನ ಬಳಸಿ. ಹಿಂದಕ್ಕೆ ಮುಖ ಮಾಡಿದ ಆಸನವನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬೇಡಿ.

## ಹೆದ್ದಾರಿಯ ಮೇಲೆ

ಹೆದ್ದಾರಿಗೆ ಸೇರಿಕೊಳ್ಳುವಾಗ ಕೈ ನಡುಗುತ್ತದೆ. ಹೇಗೆ ಸೇರಬೇಕು?

ನಡುಗುವುದಕ್ಕೆ ಕಾರಣ ನಿಧಾನ. ಸೇರುದಾರಿ, ಅಂದರೆ ಹೆದ್ದಾರಿಗೆ ಕೂಡುವ ಪಕ್ಕದ ಪಥ, ಇರುವುದೇ ವೇಗ ಕೂಡಿಸಿಕೊಳ್ಳಲು. ಅದರ ಕೊನೆಯವರೆಗೆ 40ರಲ್ಲಿ ತೆವಳಿ, 90ರಲ್ಲಿ ಬರುತ್ತಿರುವವರ ಮುಂದೆ ನುಸುಳಲು ಹೋದರೆ ಯಾರಿಗಾದರೂ ಭಯವಾಗುತ್ತದೆ. ಸೇರುದಾರಿಗೆ ತಿರುಗಿದ ಕೂಡಲೇ ಹೆದ್ದಾರಿಯತ್ತ ಒಮ್ಮೆ ನೋಡಿ, ಯಾವ ಎರಡು ಗಾಡಿಗಳ ನಡುವಿನ ಜಾಗ ನಿಮ್ಮದೆಂದು ನಿರ್ಧರಿಸಿ. ಇಂಡಿಕೇಟರ್ ಹಾಕಿ ಅವರ ವೇಗಕ್ಕೆ ಏರಿ. ಕನ್ನಡಿ ನೋಡಿ, ತಲೆ ತಿರುಗಿಸಿಯೂ ನೋಡಿ, ಆಮೇಲೆ ನಿಧಾನವಾಗಿ ಪಕ್ಕಕ್ಕೆ ಸರಿಯಿರಿ. ಜಾಗ ಸಿಗದಿದ್ದರೆ ಸೇರುದಾರಿಯ ಕೊನೆಗಿಂತ ಆರಂಭದಲ್ಲೇ ವೇಗ ತಗ್ಗಿಸಿ ಕಾಯಿರಿ. ಕೊನೆಯಲ್ಲಿ ನಿಂತರೆ ಮತ್ತೆ ವೇಗ ಹಿಡಿಯಲು ಉದ್ದವೇ ಉಳಿಯುವುದಿಲ್ಲ.

ಭಾನುವಾರ ಮುಂಜಾನೆ, ಪಕ್ಕದಲ್ಲಿ ಅನುಭವಿ ಒಬ್ಬರನ್ನು ಕೂರಿಸಿಕೊಂಡು ಹತ್ತುವುದು ಇಳಿಯುವುದು, ಹತ್ತುವುದು ಇಳಿಯುವುದು ಇದನ್ನೇ ಐದಾರು ಬಾರಿ ಮಾಡಿ. ನಡುಕ ಹೋಗುತ್ತದೆ.

ಸ್ವಲ್ಪ ವೇಗ ಹೆಚ್ಚಿಸಿದರೆ ಸಮಯ ಉಳಿಯುವುದಿಲ್ಲವೇ?

ಮೊದಲು ಹೇಳಿದ 45 ಕಿ.ಮೀ. ಹೆದ್ದಾರಿಯನ್ನೇ ತೆಗೆದುಕೊಳ್ಳಿ. 90ರಲ್ಲಿ 30 ನಿಮಿಷ, 100ರಲ್ಲಿ 27, 110ರಲ್ಲಿ ಸುಮಾರು ಇಪ್ಪತ್ತನಾಲ್ಕೂವರೆ. ಎಲ್ಲೂ ಬ್ರೇಕ್ ಮುಟ್ಟದೆ ಪೂರ್ತಿ ದೂರ ಅದೇ ವೇಗ ಸಿಕ್ಕರೆ ಉಳಿಯುವುದು ಐದೂವರೆ ನಿಮಿಷ. ಇಳಿದ ಮೇಲಿನ ಎರಡು ಕೆಂಪು ಸಿಗ್ನಲ್ ಅದನ್ನು ನುಂಗಿಹಾಕುತ್ತವೆ.

ಈಗ ಇನ್ನೊಂದು ಬದಿ. ಒಣ ರಸ್ತೆ, ಒಳ್ಳೆಯ ಬ್ರೇಕ್, ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ. 90ರಲ್ಲಿರುವ ಕಾರು ಸುಮಾರು 82 ಮೀಟರ್‌ನಲ್ಲಿ ನಿಲ್ಲುತ್ತದೆ, 110ರಲ್ಲಿರುವುದಕ್ಕೆ ಸುಮಾರು 112 ಮೀಟರ್ ಬೇಕು. ‘ಮೂವತ್ತು ಮೀಟರ್ ತಾನೇ’ ಎನ್ನುವವರು ಇದನ್ನು ಹೀಗೆ ನೋಡಬೇಕು: ಎರಡೂ ಕಾರುಗಳು ಒಂದೇ ಜಾಗದಲ್ಲಿ ಅಪಾಯ ಕಂಡರೆ, ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ಇನ್ನೂ ಗಂಟೆಗೆ ಸುಮಾರು 74 ಕಿ.ಮೀ. ವೇಗದಲ್ಲಿ ಹಾಯುತ್ತಿರುತ್ತದೆ. ಈ ಲೆಕ್ಕವನ್ನು ಮೊದಲ ಬಾರಿ ಕಾಗದದ ಮೇಲೆ ಹಾಕಿ ನೋಡಿದ ದಿನದಿಂದ ನನ್ನ ಕಾಲು ಆಕ್ಸಿಲರೇಟರ್ ಮೇಲೆ ಹಗುರವಾಯಿತು.

ಐದು ನಿಮಿಷ ಬೇಕಿದ್ದರೆ ಮನೆಯಲ್ಲಿ ಸಿಗುತ್ತದೆ. ಐದು ನಿಮಿಷ ಮೊದಲೇ ಹೊರಡಿ.

ಮುಂದಿನ ಗಾಡಿಗೂ ನನಗೂ ಎಷ್ಟು ಅಂತರವಿರಬೇಕು? ಜಾಗ ಬಿಟ್ಟರೆ ಬೇರೆಯವರು ನುಗ್ಗುತ್ತಾರಲ್ಲ!

ಮೀಟರ್ ಬೇಡ, ಸೆಕೆಂಡ್ ಎಣಿಸಿ. ಮುಂದಿನ ಗಾಡಿ ಒಂದು ಕಂಬವನ್ನೋ ಸೇತುವೆಯ ನೆರಳನ್ನೋ ದಾಟಿದಾಗ ಎಣಿಸಲು ಶುರುಮಾಡಿ. ನೀವು ಅಲ್ಲಿಗೆ ಬರುವ ಹೊತ್ತಿಗೆ ಕನಿಷ್ಠ ಎರಡು ಸೆಕೆಂಡ್ ಕಳೆದಿರಬೇಕು, ಮೂರಾದರೆ ಒಳ್ಳೆಯದು, ಮಳೆಯಲ್ಲಿ ನಾಲ್ಕು. 90ರಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಓಡುತ್ತದೆ. ಎರಡು ಸೆಕೆಂಡ್ ಎಂದರೆ 50 ಮೀಟರ್.

ನುಗ್ಗುತ್ತಾರೆ, ನಿಜ. ನುಗ್ಗಲಿ. ಪೂರ್ತಿ ಪಯಣದಲ್ಲಿ ಹತ್ತು ಗಾಡಿಗಳು ನುಗ್ಗಿದರೂ, ಪ್ರತಿ ಬಾರಿಯೂ ನೀವು ಮತ್ತೆ ಎರಡು ಸೆಕೆಂಡ್ ಹಿಂದೆ ಸರಿದರೂ, ಕಳೆದುಕೊಂಡದ್ದು ಇಪ್ಪತ್ತು ಸೆಕೆಂಡ್.

ದೊಡ್ಡ ಲಾರಿಗಳ ಪಕ್ಕ ಹೋಗಲು ಭಯ.

ಇರಬೇಕಾದ ಭಯವೇ. ಲಾರಿಯ ಪಕ್ಕದ ಕನ್ನಡಿಯಲ್ಲಿ ನಿಮಗೆ ಚಾಲಕನ ಮುಖ ಕಾಣದಿದ್ದರೆ ಅವನಿಗೂ ನೀವು ಕಾಣುತ್ತಿಲ್ಲ. ಲಾರಿಯ ಪಕ್ಕದಲ್ಲಿ ಜೊತೆಜೊತೆಗೆ ಓಡುವುದೇ ಅಪಾಯ: ಮುಂದೆ ಜಾಗವಿದೆಯೇ ನೋಡಿಕೊಂಡು ಒಂದೇ ಓಟದಲ್ಲಿ ದಾಟಿ, ಇಲ್ಲವಾದರೆ ಹಿಂದೆಯೇ ಉಳಿಯಿರಿ. ದಾಟುವಾಗ ಲಾರಿಯ ಮರೆಯಲ್ಲಿ ಅಡ್ಡಗಾಳಿ ನಿಂತು, ಅದರ ಮೂತಿ ದಾಟಿದ ಕೂಡಲೇ ಒಮ್ಮೆಲೇ ತಳ್ಳುತ್ತದೆ. ಎರಡೂ ಕೈ ಸ್ಟಿಯರಿಂಗ್ ಮೇಲಿರಲಿ. ದ್ವಿಚಕ್ರ ವಾಹನದವರಿಗೆ ಈ ತಳ್ಳುವಿಕೆ ಇನ್ನೂ ಜೋರು. ದಾಟಿದ ನಂತರ ಲಾರಿಯ ಎರಡೂ ಹೆಡ್‌ಲೈಟ್ ನಿಮ್ಮ ಒಳಗಿನ ಕನ್ನಡಿಯಲ್ಲಿ ಕಂಡ ಮೇಲಷ್ಟೇ ಅದರ ಮುಂದಕ್ಕೆ ಬನ್ನಿ.

ಇಳಿಯಬೇಕಾದ ತಿರುವು ತಪ್ಪಿಹೋದರೆ?

ಮುಂದಿನದರಲ್ಲಿ ಇಳಿಯಿರಿ. ನಿಲ್ಲಿಸಬೇಡಿ, ಹಿಂದಕ್ಕೆ ಚಲಿಸಬೇಡಿ, ಕೊನೆಯ ಗಳಿಗೆಯಲ್ಲಿ ಎರಡು ಪಥ ದಾಟಿ ನುಗ್ಗಬೇಡಿ. ನಷ್ಟ ಹೆಚ್ಚೆಂದರೆ ಹತ್ತು ಹದಿನೈದು ನಿಮಿಷ. ತಪ್ಪದಿರಲು ಒಂದು ಉಪಾಯವಿದೆ. ಇಳಿಯುವ ತಿರುವಿನ ಹೆಸರನ್ನಷ್ಟೇ ನೆನಪಿಡದೆ, ಅದಕ್ಕಿಂತ ಹಿಂದಿನ ತಿರುವಿನ ಹೆಸರನ್ನೂ ನೆನಪಿಡಿ. ಹಿಂದಿನದು ಕಂಡ ಕೂಡಲೇ ನಿಧಾನ ಪಥಕ್ಕೆ ಬಂದುಬಿಡಿ. ಉಪನಗರಗಳ ಬಳಿ ತಿರುವುಗಳು ಒತ್ತೊತ್ತಾಗಿರುವುದರಿಂದ ಇದು ಬಹಳ ಉಪಯೋಗಕ್ಕೆ ಬರುತ್ತದೆ.

ದಾರಿ ನೋಡಿಕೊಳ್ಳಲು ಮೊಬೈಲ್ ಬೇಕೇ ಬೇಕಲ್ಲ?

ಧ್ವನಿಯಲ್ಲಿ ಕೇಳಿಸಿಕೊಳ್ಳಿ. ವಿಳಾಸವನ್ನು ಗಾಡಿ ಹೊರಡುವ ಮೊದಲೇ ಹಾಕಿ, ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಓಡುತ್ತಿರುವಾಗ ಪರದೆಯ ಮೇಲೆ ಬೆರಳಾಡಿಸಲು ಐದು ಸೆಕೆಂಡ್ ಬೇಕು ಎಂದುಕೊಳ್ಳಿ. 90ರ ವೇಗದಲ್ಲಿ ಅಷ್ಟರಲ್ಲಿ ಗಾಡಿ 125 ಮೀಟರ್ ಹೋಗಿರುತ್ತದೆ, ರಸ್ತೆ ನೋಡದೆ.

## ಹವೆ, ಕತ್ತಲೆ, ಆಯಾಸ

ಮಳೆ ಬಂದರೆ ವೇಗ ಎಷ್ಟಿರಬೇಕು?

ಮೊದಲ ಹತ್ತು ಹದಿನೈದು ನಿಮಿಷ ಎಲ್ಲಕ್ಕಿಂತ ಜಾರು, ಏಕೆಂದರೆ ರಸ್ತೆಯ ಮೇಲಿನ ಎಣ್ಣೆ ಮತ್ತು ಧೂಳು ನೀರಿನೊಂದಿಗೆ ಕಲಸಿ ಲೇಪನದಂತೆ ಕೂರುತ್ತವೆ. ಜೋರು ಮಳೆಯಲ್ಲಿ ಅದು ತೊಳೆದುಹೋಗುತ್ತದೆ, ಆದರೆ ಆಗ ನಿಂತ ನೀರಿನ ಕಾಟ.

ನೀರು ನಿಂತ ಕಡೆ ವೇಗವಾಗಿ ಹೋದರೆ ಟೈರು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ಆಗ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ, ಬ್ರೇಕ್ ಒತ್ತಿದರೂ ನಿಲ್ಲುವುದಿಲ್ಲ. 1960ರ ದಶಕದಲ್ಲಿ ನಾಸಾ ಸಂಶೋಧಕರು ವಿಮಾನದ ಟೈರುಗಳನ್ನು ಪರೀಕ್ಷಿಸಿ, ಈ ತೇಲುವ ವೇಗಕ್ಕೂ ಟೈರಿನ ಗಾಳಿಯ ಒತ್ತಡಕ್ಕೂ ನೇರ ನಂಟಿದೆ ಎಂದು ಕಂಡುಕೊಂಡರು. ಅವರ ಸೂತ್ರದಂತೆ 32 ಪಿಎಸ್‌ಐ ಇರುವ ಟೈರು ಸುಮಾರು 94 ಕಿ.ಮೀ. ವೇಗದಲ್ಲಿ ತೇಲತೊಡಗಿದರೆ, 26ಕ್ಕೆ ಇಳಿದದ್ದು ಸುಮಾರು 85ರಲ್ಲೇ ತೇಲುತ್ತದೆ. ಗೆರೆ ಸವೆದಿದ್ದರೆ ಅಪಾಯ ಇನ್ನೂ ಹತ್ತಿರ. ಆದ್ದರಿಂದ ಮಳೆಯಲ್ಲಿ 60–70 ದಾಟದಿರುವುದು ಒಳ್ಳೆಯದು. ಗಾಡಿ ತೇಲಿದಂತೆನಿಸಿದರೆ ಬ್ರೇಕ್ ತುಳಿಯಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ಟೈರು ನೆಲ ಕಚ್ಚುವವರೆಗೆ ತಾಳಿ.

ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ. ಏನು ಮಾಡಲಿ?

ಬೆಳಿಗ್ಗೆ ಪೂರ್ವಕ್ಕೆ ಹೋಗಿ ಸಂಜೆ ಪಶ್ಚಿಮಕ್ಕೆ ಮರಳುವವರಿಗೆ ಎರಡು ಹೊತ್ತೂ ಇದೇ ಗೋಳು. ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮೊದಲಿನ ಒಂದು ಗಂಟೆ ಕೆಟ್ಟದ್ದು. ಹೊರಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಹಿಂದುಮುಂದು ಮಾಡಲು ಸಾಧ್ಯವೇ ನೋಡಿ. ಮುಂದಿನ ಗಾಜನ್ನು ಒಳಗಿನಿಂದ ಒರೆಸಿ. ಎದುರು ಬಿಸಿಲಿಗೆ ಆ ತೆಳು ಮಬ್ಬೇ ಬಿಳಿಯ ಪರದೆಯಾಗುತ್ತದೆ.

ರಾತ್ರಿ ಹಿಂತಿರುಗುವುದು ಅಪಾಯವೇ?

ಡಿಮ್ ದೀಪದ ಬೆಳಕಿನಲ್ಲಿ ರಸ್ತೆ ಚೆನ್ನಾಗಿ ಕಾಣುವುದು ಸುಮಾರು 50–60 ಮೀಟರ್‌ವರೆಗೆ. 90ರಲ್ಲಿ ನಿಲ್ಲಲು 82 ಮೀಟರ್ ಬೇಕೆಂದು ಆಗಲೇ ನೋಡಿದೆವು. ಎಂದರೆ ದೀಪವಿಲ್ಲದ ರಸ್ತೆಯಲ್ಲಿ ಅಡ್ಡ ಬಂದ ದನವನ್ನೋ ದೀಪವಿಲ್ಲದೆ ನಿಂತ ಲಾರಿಯನ್ನೋ ಕಂಡ ಮೇಲೆ ನಿಲ್ಲಿಸಲು ಆಗುವುದಿಲ್ಲ. 70ಕ್ಕೆ ಇಳಿಯಿರಿ, ಎದುರು ಯಾರೂ ಇಲ್ಲದಾಗ ಪೂರ್ಣ ದೀಪ ಹಾಕಿ, ಎದುರಿನ ಬೆಳಕು ಕಣ್ಣಿಗೆ ಬಿದ್ದಾಗ ರಸ್ತೆಯ ಅಂಚಿನ ಬಿಳಿ ಗೆರೆಯತ್ತ ನೋಟ ಹರಿಸಿ.

ಒಂದು ಗಂಟೆಯ ದಾರಿಯಲ್ಲಿ ನಿದ್ದೆ ಬರುತ್ತದೆಯೇ?

ಹೋಗುವಾಗ ಬರುವುದಿಲ್ಲ. ಬರುವಾಗ ಬರುತ್ತದೆ. ದಿನವಿಡೀ ಓಡಾಡಿ ದಣಿದು, ಊಟ ಮಾಡಿ, ಮನೆ ಹತ್ತಿರದಲ್ಲೇ ಇದೆ ಎಂಬ ನೆಮ್ಮದಿಯಲ್ಲಿ ಕೂತಾಗ ರೆಪ್ಪೆ ಭಾರವಾಗುತ್ತದೆ. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದರೆ 90ರಲ್ಲಿ ನೂರು ಮೀಟರ್ ಕಳೆದಿರುತ್ತದೆ. ಕಳೆದ ಎರಡು ಕಿಲೋಮೀಟರ್ ಹೇಗೆ ಬಂದೆ ಎಂದು ನೆನಪಾಗದಿದ್ದರೆ ಅದು ಕೊನೆಯ ಎಚ್ಚರಿಕೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಕೆಲಸಕ್ಕೆ ಬಾರದು. ಹೆದ್ದಾರಿ ಇಳಿದು ಬೆಳಕಿರುವ ಕಡೆ ನಿಲ್ಲಿಸಿ, ಒಂದು ಲೋಟ ಕಾಫಿ ಕುಡಿದು, ಹದಿನೈದು ಇಪ್ಪತ್ತು ನಿಮಿಷ ಮಲಗಿ. ಕಾಫಿ ಕೆಲಸ ಮಾಡಲು ಅಷ್ಟೇ ಹೊತ್ತು ಬೇಕು. ಏಳುವಾಗ ಎರಡರ ಫಲವೂ ಒಟ್ಟಿಗೆ ಸಿಗುತ್ತದೆ.

ನಡುದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ?

ಉರುಳುವಷ್ಟು ಉರುಳಿಸಿ ರಸ್ತೆಯ ಅಂಚಿಗೆ ತನ್ನಿ. ನಾಲ್ಕೂ ಇಂಡಿಕೇಟರ್ ಮಿನುಗಿಸಿ. ಎಲ್ಲರೂ ವಾಹನಗಳು ಓಡದ ಬದಿಯ ಬಾಗಿಲಿನಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಿ. ನಿಂತ ಗಾಡಿಯೊಳಗೆ ಕಾಯುವುದು, ಗಾಡಿಯ ಹಿಂದೆ ಗುಂಪಾಗಿ ನಿಲ್ಲುವುದು ಎರಡೂ ಪ್ರಾಣಕ್ಕೆ ಎರವು. ತ್ರಿಕೋನ ಫಲಕವನ್ನು 50ರಿಂದ 100 ಮೀಟರ್ ಹಿಂದೆ ಇಡಬೇಕು, ಆದರೆ ನಡೆಯಲು ಸುರಕ್ಷಿತ ಜಾಗವಿದ್ದರೆ ಮಾತ್ರ. ಟೈರು ಬದಲಿಸುವ ಜಾಗ ಸಮತಟ್ಟಾಗಿ, ಓಡುವ ಪಥದಿಂದ ದೂರವಿದ್ದರಷ್ಟೇ ಕೈಹಾಕಿ. ಜಾಕ್ ಎತ್ತುವ ಮೊದಲು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೂ ತಿರುಗುತ್ತದೆ, ಗಾಡಿಯೂ ಜಾಕ್ ಮೇಲಿಂದ ಜಾರುತ್ತದೆ.

## ರೂಢಿಯಾದವರ ಪ್ರಶ್ನೆಗಳು

ಅಪಘಾತವಿಲ್ಲ, ಕಾಮಗಾರಿಯಿಲ್ಲ. ಆದರೂ ಗಾಡಿಗಳು ಏಕೆ ನಿಂತುಬಿಡುತ್ತವೆ?

ಜಪಾನಿನ ಸಂಶೋಧಕರು 2008ರಲ್ಲಿ ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ನಿಲ್ಲಿಸಿ, ಸುಮಾರು 30 ಕಿ.ಮೀ. ವೇಗದಲ್ಲಿ ಒಂದರ ಹಿಂದೆ ಒಂದು ಸುತ್ತುವಂತೆ ಹೇಳಿದರು. ಸಿಗ್ನಲ್ ಇಲ್ಲ, ಅಡ್ಡರಸ್ತೆಯಿಲ್ಲ. ಸ್ವಲ್ಪ ಹೊತ್ತಿನಲ್ಲೇ ಯಾರೋ ಒಬ್ಬರು ತುಸು ನಿಧಾನಿಸಿದರು, ಹಿಂದಿನವರು ಅದಕ್ಕಿಂತ ಹೆಚ್ಚು, ಅವರ ಹಿಂದಿನವರು ಇನ್ನೂ ಹೆಚ್ಚು ಬ್ರೇಕ್ ಹಾಕಿದರು, ಕೊನೆಗೆ ಕೆಲವು ಕಾರುಗಳು ಪೂರ್ತಿ ನಿಂತವು. ಮುಂದಿನವು ಬಿಡಿಸಿಕೊಂಡು ಹೋದಂತೆ ಹಿಂದಿನವು ಬಂದು ಸಿಕ್ಕಿಕೊಂಡವು. ಆ ಗಂಟು ಅಲೆಯಂತೆ ಹಿಂದಕ್ಕೆ ಸರಿಯುತ್ತಾ ಹೋಯಿತು. ಹೆದ್ದಾರಿಯಲ್ಲಿ ನಡೆಯುವುದೂ ಇದೇ. ನೀವು ಮೂರು ಸೆಕೆಂಡ್ ಅಂತರ ಬಿಟ್ಟು ಹೋದರೆ ಮುಂದಿನವರ ಸಣ್ಣ ತಡೆಯನ್ನು ಬ್ರೇಕ್ ಮುಟ್ಟದೆ ಅರಗಿಸಿಕೊಳ್ಳಬಹುದು, ಅಲೆ ನಿಮ್ಮ ಹಿಂದೆ ಬೆಳೆಯುವುದಿಲ್ಲ. ನಿಮ್ಮ ಹಿಂದಿರುವವರಿಗೆ ನೀವು ಮಾಡುವ ಉಪಕಾರ ಅವರಿಗೆ ಗೊತ್ತಾಗುವುದೇ ಇಲ್ಲ.

ಕ್ರೂಸ್ ಕಂಟ್ರೋಲ್ (ಗಾಡಿ ತಾನೇ ಒಂದೇ ವೇಗ ಕಾಯ್ದುಕೊಳ್ಳುವ ವ್ಯವಸ್ಥೆ) ಹಾಕಿ ಹೋಗಬಹುದೇ?

ರಸ್ತೆ ಒಣಗಿದ್ದು ಗಾಡಿಗಳು ವಿರಳವಾಗಿದ್ದರೆ ಹಾಕಿ. ಮಳೆಯಲ್ಲಿ, ತಿರುವುಗಳು ಒತ್ತಾಗಿರುವಲ್ಲಿ ಬೇಡ.

ವಾರಕ್ಕೆ ಮೂರು ದಿನ ಇದೇ ದಾರಿ. ಎಷ್ಟು ಸಮಯ ಇಟ್ಟುಕೊಳ್ಳಬೇಕೆಂದು ನಿಖರವಾಗಿ ತಿಳಿಯುವುದು ಹೇಗೆ?

ಸರಾಸರಿಯನ್ನು ನಂಬಬೇಡಿ. ಸರಾಸರಿಯಂತೆ ಹೊರಟರೆ ಹೆಚ್ಚುಕಡಿಮೆ ಎರಡು ದಿನಕ್ಕೊಮ್ಮೆ ತಡವಾಗುತ್ತದೆ. ಗಾಡಿಯಲ್ಲಿ ಒಂದು ಪುಟ್ಟ ಪುಸ್ತಕ ಇಡಿ. ಪ್ರತಿ ಬಾರಿಯೂ ನಾಲ್ಕು ಸಮಯ ಬರೆಯಿರಿ: ಮನೆ ಬಿಟ್ಟದ್ದು, ಹೆದ್ದಾರಿ ಹತ್ತಿದ್ದು, ಇಳಿದದ್ದು, ಬಾಗಿಲು ಮುಟ್ಟಿದ್ದು. ಗಾಡಿ ನಿಲ್ಲಿಸಿದ ಮೇಲೆ ನೆನಪಿನಿಂದ ಬರೆದರೂ ಸಾಕು. ಇಪ್ಪತ್ತು ಬಾರಿಯಾದ ಮೇಲೆ ಒಟ್ಟು ಸಮಯಗಳನ್ನು ಸಾಲಾಗಿ ಇಟ್ಟು, ಅತಿ ಕೆಟ್ಟ ದಿನವನ್ನು ಬಿಟ್ಟು, ಅದರ ನಂತರದ್ದನ್ನು ನಿಮ್ಮ ಸಮಯವೆಂದು ಹಿಡಿಯಿರಿ. ಇಪ್ಪತ್ತರಲ್ಲಿ ಒಂದು ದಿನ ತಡವಾಗಬಹುದು, ಅದಕ್ಕೆ ಒಂದು ಫೋನ್ ಕರೆ ಮಾಡಿದರಾಯಿತು.

ನನ್ನ ಪುಸ್ತಕದಲ್ಲಿ ಹೆದ್ದಾರಿಯ ಅಂಕಣ ಬಹುತೇಕ ಒಂದೇ ಅಂಕಿ: 31, 30, 32, 31. ಕೊನೆಯ ಅಂಕಣ ಮಾತ್ರ 14, 33, 17, 29. ಅದನ್ನು ನೋಡಿದ ಮೇಲೆ ಒಂದು ತಿರುವು ಮೊದಲೇ ಇಳಿದು, ಊರಂಚಿನಲ್ಲಿ ಗಾಡಿ ನಿಲ್ಲಿಸಿ, ಕೊನೆಯ ಒಂದು ಕಿಲೋಮೀಟರನ್ನು ನಡೆಯತೊಡಗಿದೆ. ಈಗ ಆ ಅಂಕಣದಲ್ಲಿ 19, 20, 19 ಎಂದಿದೆ.